ಒಂದು ಹೆಣ್ಣು ಹುಳು, ಮೂರು ಗೆರೆ

ಬೇರುಗಂಟು ಜಂತುಹುಳುವಿನ ಹೆಣ್ಣನ್ನು ಬೇರಿನೊಳಗಿಂದ ಇಡಿಯಾಗಿ ಎತ್ತುವುದಕ್ಕೆ ತಾಳ್ಮೆ ಬೇಕು. ಗಾತ್ರ ಒಂದು ಮಿಲಿಮೀಟರ್‌ಗಿಂತ ಕಡಿಮೆ, ಬಣ್ಣ ಮುತ್ತಿನಂತೆ ಬಿಳಿ. ಸೂಜಿ ಸ್ವಲ್ಪ ಜಾಸ್ತಿ ಒತ್ತಿದರೆ ಒಡೆದು ಹೋಗುತ್ತದೆ. ನಮಗೆ ಬೇಕಾದ ಪ್ರೋಟೀನ್ ಇರುವುದೇ ಅದರೊಳಗೆ.

ದೂರದೂರದ ಎರಡು ಹೊಲಗಳ ಟೊಮೆಟೊ ಬೇರುಗಳು ಅವತ್ತು ಮೇಜಿನ ಮೇಲಿದ್ದವು. ಅವುಗಳಲ್ಲಿನ ಹುಳುಗಳು ಎಷ್ಟು ಹತ್ತಿರದ ನೆಂಟರು ಅಂತ ನೋಡಬೇಕಿತ್ತು. ಒಂದೊಂದೇ ಹೆಣ್ಣನ್ನು ಸಕ್ಕರೆ ಬೆರೆಸಿದ ತಣ್ಣನೆಯ ದ್ರಾವಣದ ಹನಿಯಲ್ಲಿ ಜಜ್ಜಿ, ಜೆಲ್‌ನ (ಪ್ರೋಟೀನ್‌ಗಳನ್ನು ಬಿಡಿಸುವ ಲೋಳೆಯಂಥ ಹಾಳೆಯ) ಒಂದೊಂದು ಗುಳಿಯೊಳಗೆ ಹಾಕಿದೆವು. ಹೋಲಿಕೆಗೆ ಅಂತ ನಡುವಿನ ಗುಳಿಯೊಳಗೆ ಗುರುತು ಗೊತ್ತಿರುವ ಮೆಲೊಯ್ಡೋಗೈನ್ ಜವಾನಿಕಾ, ಬೇರುಗಂಟು ಹುಳುಗಳದ್ದೇ ಒಂದು ಪ್ರಭೇದ. ಹತ್ತಾರು ಹುಳು ಒಟ್ಟಿಗೆ ಜಜ್ಜಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಬೆರಕೆ ಇದ್ದರೆ ಅದು ಕಾಣುವುದೇ ಇಲ್ಲ.

ಕರೆಂಟ್ ಹರಿಸಿದರೆ ಪ್ರೋಟೀನ್‌ಗಳು ಜೆಲ್‌ನಲ್ಲಿ ಬೇರೆಬೇರೆ ದೂರ ಸರಿಯುತ್ತವೆ. ಅದಾದಮೇಲೆ ಜೆಲ್ ಅನ್ನು, ಎಸ್ಟರೇಸ್ ಎಂಬ ಕಿಣ್ವ ಇರುವಲ್ಲಿ ಗೆರೆ ಮೂಡಿಸುವ ಬಣ್ಣದಲ್ಲಿ ಮುಳುಗಿಸಿ ಕತ್ತಲಲ್ಲಿಟ್ಟೆವು. ತೆಗೆದು ನೋಡಿದರೆ ಮೊದಲ ಹೊಲದ ಹುಳುಗಳಿಗೆಲ್ಲ ಜವಾನಿಕಾದ್ದೇ ಮೂರು ಗೆರೆ. ಎರಡನೆಯದರಲ್ಲೂ ಹೆಚ್ಚಿನವು ಹಾಗೇ. ಎರಡು ಕಡೆ ಮಾತ್ರ ಒಂದೇ ಒಂದು ದಪ್ಪ ಗೆರೆ. ಅದು ಇನ್‌ಕಾಗ್ನಿಟಾ ಎಂಬ ಇನ್ನೊಂದು ಪ್ರಭೇದದ ಗುರುತು. ಒಂದೇ ಗಿಡದ ಬೇರಲ್ಲಿ ಎರಡು ಪ್ರಭೇದ!

"ಹಾಗಾದ್ರೆ ಮೂರು ಗೆರೆಯವೆಲ್ಲ ಒಂದೇ ಮನೆಯವು ಅಲ್ವಾ?" ಅಂದಳು ಜೊತೆಯಲ್ಲಿದ್ದ ವಿದ್ಯಾರ್ಥಿನಿ.

ಅಷ್ಟು ಸಲೀಸಾಗಿ ಹೇಳಲಾಗದು. 1985ರಲ್ಲಿ ಎಸ್ಬೆನ್‌ಷೇಡ್ ಮತ್ತು ಟ್ರಯಾಂಟಾಫಿಲು ಎಂಬ ವಿಜ್ಞಾನಿಗಳು 65 ದೇಶಗಳ ಸುಮಾರು 300 ಬೇರುಗಂಟು ಹುಳು ಗುಂಪುಗಳನ್ನು ಹೀಗೆ ಪರೀಕ್ಷಿಸಿದ್ದರು. ಸಾಮಾನ್ಯ ಪ್ರಭೇದಗಳು ಎಲ್ಲಿಂದ ಬಂದರೂ ಬಹುಪಾಲು ಅವೇ ಗೆರೆಗಳನ್ನು ತೋರಿಸುತ್ತವೆ. ಇವುಗಳಿಗೆ ಮರಿ ಮಾಡಲು ಗಂಡೇ ಬೇಕಿಲ್ಲ, ಮಗಳು ಹೆಚ್ಚುಕಡಿಮೆ ತಾಯಿಯ ನಕಲು. ಹಾಗಾಗಿ ಒಂದು ಕಿಣ್ವ ಯಾವ ಪ್ರಭೇದ ಎನ್ನುವುದನ್ನು ಚೆನ್ನಾಗಿ ಹೇಳುತ್ತದೆ, ಒಳಗಿನ ನೆಂಟಸ್ತಿಕೆಯನ್ನು ಅಷ್ಟಾಗಿ ಹೇಳುವುದಿಲ್ಲ. ಮಾಲೇಟ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವವಂತೂ ಈ ಎರಡು ಪ್ರಭೇದಗಳನ್ನೇ ಬೇರೆ ಮಾಡುವುದಿಲ್ಲ.

ಗುಂಪುಗಳ ನಡುವಿನ ದೂರ ಅಳೆಯಲು ಒಟ್ಟಿಗೆ ನೂರಾರು ಪ್ರೋಟೀನ್ ನೋಡಬೇಕು. ಮೊದಲು ವಿದ್ಯುತ್ ಗುಣದಿಂದ, ಆಮೇಲೆ ಗಾತ್ರದಿಂದ ಬಿಡಿಸುವ ಎರಡಾಯಾಮದ ಜೆಲ್ ಅದಕ್ಕೇ ಇರುವುದು. ಆಲೂಗಡ್ಡೆಯ ಸಿಸ್ಟ್ ಜಂತುಹುಳುಗಳ ಎರಡು ಪ್ರಭೇದಗಳನ್ನು 1980ರ ದಶಕದಲ್ಲೇ ಹೀಗೆ ಹೋಲಿಸಿದ್ದಾರೆ. ಆದರೆ ಅದಕ್ಕೆ ಒಂದು ಹುಳು ಸಾಲದು, ರಾಶಿ ಹುಳು ಬೇಕು.

ಜಜ್ಜುವ ಮುಂಚೆ ಪ್ರತಿ ಹೆಣ್ಣಿನ ಮೊಟ್ಟೆ ಗೊಂಚಲನ್ನು ನಂಬರ್ ಹಾಕಿ ಎತ್ತಿಟ್ಟಿದ್ದೆವು. ಅವನ್ನು ಬೇರೆಬೇರೆ ಕುಂಡದ ಟೊಮೆಟೊ ಸಸಿಗೆ ಬಿಟ್ಟೆವು. ಒಂದೇ ತಾಯಿಯ ಸಂತಾನ ಬೆಳೆದು ಬಂದ ಮೇಲೇ ಮುಂದಿನ ಜೆಲ್.