ಲೆಕ್ಕದ ಮೇಡಂ ಮತ್ತು ಶನಿವಾರದ ತರಗತಿ

‘ಮಗು ಅಳುತ್ತಿದೆ’ ಎಂಬ ಎರಡೇ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಸೀಮೆಸುಣ್ಣದ ಪುಡಿ ಸೆರಗಿಗೆ ತಾಗದಂತೆ ಕೈ ಕೊಡವಿಕೊಂಡು, ಮೇಡಂ ನಮ್ಮತ್ತ ತಿರುಗಿದರು. “ಈ ಮಗು ಎಷ್ಟನೇ ವಯಸ್ಸಿಗೆ ‘ಅಳುತ್ತಿದ್ದಾಳೆ’ ಆಗುತ್ತದೆ, ಎಷ್ಟನೇ ವಯಸ್ಸಿಗೆ ‘ಅಳುತ್ತಿದ್ದಾನೆ’ ಆಗುತ್ತದೆ?” ಎಂದು ಕೇಳಿದರು. ಮೂವತ್ತೊಂದು ಜನರಿದ್ದ ಕೋಣೆ ಸುಮ್ಮನಿತ್ತು. “ಗಂಡಸು ಅಳೋದೇ ಇಲ್ಲ ಮೇಡಂ” ಎಂಬ ಧ್ವನಿಯೊಂದು ಹಿಂದಿನ ಬೆಂಚಿನಿಂದ ಬಂತು. “ಕೂತ್ಕೊಳಪ್ಪ, ಇವತ್ತಿನ ಪಾಠ ನೀನೇ ಶುರು ಮಾಡಿಕೊಟ್ಟೆ” ಎಂದರು ಮೇಡಂ. ಆ ಧ್ವನಿ ನನ್ನದು.

ಅದು 2000ನೇ ಇಸವಿಯ ಜುಲೈ. ಸಾಗರದ ಮಳೆ ಹೆಂಚಿನ ಮೇಲೆ ಸುರಿಯುವ ಸದ್ದಿನಲ್ಲಿ ಅರ್ಧ ಪಾಠ ಕೇಳಿಸುತ್ತಲೇ ಇರಲಿಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಡೆಯುತ್ತಿದ್ದ ‘ಮಹಿಳಾ ಅಧ್ಯಯನ ಪ್ರವೇಶಿಕೆ’ ಎಂಬ ಸರ್ಟಿಫಿಕೇಟ್ ಕೋರ್ಸಿಗೆ ಬಿ.ಎ. ಎರಡನೇ ವರ್ಷದ ನಾವು ನಾಲ್ವರು ಹುಡುಗರು ಸೇರಿಕೊಂಡದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ನಮ್ಮೂರಿನ ಬಸ್ಸು ಸಂಜೆ ಐದೂವರೆಗೆ ಮೊದಲು ಹೊರಡುತ್ತಿರಲಿಲ್ಲ. ತರಗತಿಯಲ್ಲಿ ಉಳಿದ ಇಪ್ಪತ್ತೇಳು ಮಂದಿಯೂ ಹುಡುಗಿಯರಾಗಿದ್ದರು. ಇಷ್ಟು ವರ್ಷಗಳ ಮೇಲೆ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರೆಂಬ ಸುದ್ದಿ ಬಂದ ಮೇಲೆ, ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆಯುವ ಹೊಣೆಯನ್ನು ಗೆಳೆಯರು ನನಗೇ ವಹಿಸಿದರು. ಆ ಕೋರ್ಸಿನಲ್ಲಿ ಹುಡುಗರ ಪೈಕಿ ಅತಿ ಹೆಚ್ಚು ಅಂಕ ಪಡೆದವನು ನಾನು ಎಂಬುದು ಅದಕ್ಕೆ ಕಾರಣವಿರಬಹುದು. ನಾಲ್ವರಲ್ಲಿ ಇಬ್ಬರು ಪರೀಕ್ಷೆಗೇ ಬಂದಿರಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಬೇಕು.

ಪಠ್ಯಕ್ರಮ ಏನಿತ್ತೆಂದು ಕೇಳಿದರೆ ಈಗ ಹೇಳಲಾರೆ. 1974ರಲ್ಲಿ ದೇಶದ ಮಹಿಳೆಯರ ಸ್ಥಿತಿಗತಿ ಕುರಿತು ಕೇಂದ್ರ ಸರ್ಕಾರದ ಸಮಿತಿಯೊಂದು ವರದಿ ಕೊಟ್ಟಿತೆಂದೂ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಅಧ್ಯಯನ ಬೇರು ಬಿಟ್ಟದ್ದು ಆ ವರದಿಯ ನಂತರವೆಂದೂ ಬರೆದು ಐದು ಅಂಕ ಗಿಟ್ಟಿಸಿದ ನೆನಪಷ್ಟೇ ಉಳಿದಿದೆ. ಹುಟ್ಟಿನಿಂದ ಬರುವ ‘ಲಿಂಗ’ಕ್ಕೂ ಸಮಾಜ ಹೊರಿಸುವ ‘ಲಿಂಗತ್ವ’ಕ್ಕೂ ಇರುವ ವ್ಯತ್ಯಾಸ ಹೇಳಲು ಹೊರಟ ದಿನ ಮೊದಲ ಪದಕ್ಕೇ ಹಿಂದಿನ ಬೆಂಚು ಕಿಸಕ್ಕೆಂದಿತು. ಮೇಡಂ ಗದರಲಿಲ್ಲ. ಕೈಗಡಿಯಾರ ನೋಡುತ್ತ ನಿಂತು, ನಗು ಪೂರ್ತಿ ಅಡಗಿದ ಮೇಲೆ, “ನಲವತ್ತು ಸೆಕೆಂಡು. ಹೋದ ವರ್ಷದವರು ಒಂದೂವರೆ ನಿಮಿಷ ನಕ್ಕಿದ್ದರು, ನೀವು ವಾಸಿ” ಎಂದರು. ಸಮಾಜಶಾಸ್ತ್ರ ಹೇಳುತ್ತಿದ್ದ ಅವರಿಗೆ ‘ಲೆಕ್ಕದ ಮೇಡಂ’ ಎಂಬ ಹೆಸರು ಅಂದೇ ಅಂಟಿಕೊಂಡಿತು.

ಮಗುವಿನ ಪ್ರಶ್ನೆ ಎರಡು ಶನಿವಾರಗಳನ್ನು ನುಂಗಿತು. ಹವ್ಯಕರ ಮನೆಯ ಹುಡುಗಿಯೊಬ್ಬಳು, ತಮ್ಮ ಮನೆಮಾತಿನಲ್ಲಿ ಹೆಂಗಸು ಎಷ್ಟು ದೊಡ್ಡವಳಾದರೂ ‘ಅದು ಬಂತು, ಅದು ಹೇಳಿತು’ ಎಂದೇ ಅನ್ನುತ್ತಾರೆಂದೂ, ಅಮ್ಮನಿಗೂ ಹಾಗೆಯೇ ಹೇಳುವುದೆಂದೂ, ಅದು ಪ್ರೀತಿಯ ಮಾತೇ ಹೊರತು ತಾತ್ಸಾರವಲ್ಲವೆಂದೂ ಸ್ವಲ್ಪ ಬಿಸಿಯಾಗಿಯೇ ವಾದಿಸಿದಳು. “ಇರಬಹುದಮ್ಮ. ಹಾಗಾದರೆ ಅಪ್ಪನ ಮೇಲೆ ನಿಮಗೆ ಯಾರಿಗೂ ಪ್ರೀತಿ ಇಲ್ಲವೇ?” ಎಂದು ಮೇಡಂ ಕೇಳಿದಾಗ ಇಡೀ ತರಗತಿ ನಕ್ಕಿತು, ಆ ಹುಡುಗಿಯೂ ನಕ್ಕಳು. ಆದರೆ ಅವಳು ಸೋಲಲಿಲ್ಲ. “ಅಪ್ಪನಿಗೆ ಹಾಗನ್ನುವಷ್ಟು ಸಲಿಗೆ ಇಲ್ಲ ಮೇಡಂ” ಎಂದಳು. ಮೇಡಂ ತಮ್ಮ ಟಿಪ್ಪಣಿ ಪುಸ್ತಕ ತೆರೆದು ಅದನ್ನು ಬರೆದುಕೊಂಡರು. ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಂಡ ಅಧ್ಯಾಪಕರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ಹೆಚ್ಚು ನೋಡಿಲ್ಲ.

ಈ ಕೋರ್ಸನ್ನು ಕಂಡರಾಗದವರಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಮೊದಲಿಗರು. ಜುಬ್ಬಾದ ಜೇಬಿನಲ್ಲಿ ಸದಾ ಎಲೆಯಡಿಕೆಯ ಸಂಚಿ ಇರಿಸಿಕೊಂಡಿರುತ್ತಿದ್ದ ಅವರು “ಗಂಡು ಹುಡುಗರನ್ನು ಕೆಡಿಸಬೇಡಿ ಮೇಡಂ” ಎಂದು ಅಧ್ಯಾಪಕರ ಕೊಠಡಿಯಲ್ಲಿ ಅಂದದ್ದು ನಮ್ಮ ಕಿವಿಗೂ ಬಿದ್ದಿತ್ತು. ಒಂದು ಶನಿವಾರ ಮೇಡಂ ಆ ಮೇಷ್ಟ್ರನ್ನೇ ಪಾಠಕ್ಕೆ ಕರೆದರು. ವಿಷಯ ನಮ್ಮದೇ ತಾಲ್ಲೂಕಿನ ಕಾಗೋಡು ಸತ್ಯಾಗ್ರಹ. ಗೇಣಿ ಅಳೆಯುವ ಕೊಳಗದ ತಗಾದೆಯಿಂದ 1951ರಲ್ಲಿ ಹೊತ್ತಿಕೊಂಡ ಹೋರಾಟವನ್ನೂ, ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದದ್ದನ್ನೂ, 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿದಾರನಿಗೆ ಭೂಮಿ ಸಿಕ್ಕಿದ್ದನ್ನೂ ಅವರು ಎದ್ದು ನಿಂತು, ಕೈ ಬೀಸಿ, ಕಣ್ಣಿಗೆ ಕಟ್ಟುವಂತೆ ಹೇಳಿದರು. ನಮ್ಮ ಮನೆಯ ಎರಡೆಕರೆ ಜಮೀನೂ ಅಜ್ಜ ‘ಡಿಕ್ಲರೇಷನ್’ ಎಂಬ ಗೇಣಿದಾರರ ಅರ್ಜಿ ಹಾಕಿ ಪಡೆದದ್ದಾದ್ದರಿಂದ ನನಗೆ ಮೈ ಜುಮ್ಮೆಂದಿತು. ಕೊನೆಗೆ ಅವರು ‘ಉಳುವವನೇ ಹೊಲದೊಡೆಯ’ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಮೇಡಂ ಎದ್ದು, ‘ಉಳುವವನೇ’ ಎಂಬುದರಲ್ಲಿನ ‘ವನೇ’ಗೆ ಮೆಲ್ಲಗೆ ಅಡಿಗೆರೆ ಎಳೆದು, “ಉಳುವವನು ಒಡೆಯನಾದ ಸರ್, ಸಂತೋಷ. ಹೆಂಗಸು ನೇಗಿಲು ಮುಟ್ಟಬಾರದು ಅಂತ ನಾವೇ ಹೇಳಿದ್ದೇವೆ. ನೆಟ್ಟವಳು, ಕಳೆ ಕಿತ್ತವಳು, ಕೊಯ್ದವಳು ಏನಾದಳು?” ಎಂದು ಕೇಳಿದರು.

ಮೇಷ್ಟ್ರು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಮಡಿಚಿ, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು, “ವ್ಯಾಕರಣಕ್ಕೆ ಕಾಗೋಡಿನವರು ಹೊಣೆಯಲ್ಲ ಮೇಡಂ” ಎಂದರು. ಆ ಉತ್ತರಕ್ಕೆ ನಾವು ಹುಡುಗರು ಚಪ್ಪಾಳೆಯನ್ನೂ ತಟ್ಟಿದೆವು. ಆದರೆ ಮುಂದಿನ ಶನಿವಾರ ಅವರು ಕರೆಯದೆಯೇ ಬಂದು ನಮ್ಮ ಪಕ್ಕದಲ್ಲಿ ಕುಳಿತರು. ಜೇಬಿನಿಂದ ಈ ಸಲ ಸಂಚಿಯ ಬದಲು ತಮ್ಮ ಮನೆಯ ಪಹಣಿ ಹೊರಬಂತು. “ನೋಡಿದೆ ಮೇಡಂ. ಒಂದೇ ಒಂದು ಹೆಣ್ಣಿನ ಹೆಸರಿದೆ. ನಮ್ಮಜ್ಜಿಯದು. ಅದೂ ಅಜ್ಜ ಸತ್ತ ಮೇಲೆ, ‘ಕೋಂ’, ಅಂದರೆ ಇಂಥವರ ಹೆಂಡತಿ ಅಂತ, ಅವರ ಹೆಸರಿನ ಜೊತೆಗೇ ಬಂದದ್ದು” ಎಂದರು. ವರ್ಷದ ಕೊನೆಯವರೆಗೂ ಅವರು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಹುಡುಗಿಯರು ಅವರನ್ನು ‘ಮೂವತ್ತೆರಡನೇ ವಿದ್ಯಾರ್ಥಿ’ ಎಂದು ಕರೆಯುತ್ತಿದ್ದುದು ಅವರಿಗೆ ತಿಳಿದಿತ್ತೆಂದು ನನ್ನ ಊಹೆ.

ಇನ್ನು ನಮ್ಮ ಕಿತಾಪತಿಯ ಸಂಗತಿ. ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆಯೊಂದು 1998-99ರಲ್ಲಿ ದೇಶದ ಆರು ರಾಜ್ಯಗಳಲ್ಲಿ ನಡೆದಿತ್ತು. ತಮಿಳುನಾಡು ಅದರಲ್ಲಿತ್ತು, ಕರ್ನಾಟಕ ಇರಲಿಲ್ಲ. “ನಮ್ಮನ್ನು ಬಿಟ್ಟಿದ್ದಾರೆ, ನಾವೇ ಮಾಡಿಕೊಳ್ಳೋಣ” ಎಂದ ಮೇಡಂ, ಸಂಕ್ರಾಂತಿ ಕಳೆದ ಮೇಲೆ ಪ್ರತಿಯೊಬ್ಬರೂ ತಮ್ಮ ತಾಯಿಯ ಒಂದು ದಿನವನ್ನು ಕಾಲು ಗಂಟೆಗೊಂದು ಸಾಲಿನಂತೆ ಬರೆದು ತರಬೇಕೆಂದು ವಿಧಿಸಿದರು. ನಾವು ಮೂವರು ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕುಳಿತು, ಎರಡು ಪ್ಲೇಟ್ ಗೋಳಿಬಜೆ ಮುಗಿಯುವುದರೊಳಗೆ ಮೂವರು ತಾಯಂದಿರ ದಿನವನ್ನೂ ಬರೆದು ಮುಗಿಸಿದೆವು. ಮೇಡಂ ಆ ಮೂರನ್ನೂ ಒಂದರ ಹಿಂದೊಂದು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಮೂವರು ತಾಯಂದಿರೂ ಏಳುತ್ತಿದ್ದುದು ನಾಲ್ಕೂ ಮುಕ್ಕಾಲಿಗೆ. ಮೂವರೂ ಐದೂಕಾಲಿಗೆ ಎಮ್ಮೆ ಕರೆಯುತ್ತಿದ್ದರು. ಓದಿ ಮುಗಿಸಿ, ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿದ್ದ ನಮ್ಮ ಗೆಳೆಯನನ್ನು ಎಬ್ಬಿಸಿ, “ನಿಮ್ಮ ಎಮ್ಮೆ ಮೆಟ್ಟಿಲು ಹತ್ತೋದು ಅಭ್ಯಾಸ ಮಾಡಿಕೊಂಡಿದೆಯೇನಪ್ಪ?” ಎಂದು ಕೇಳಿದರು. ಅವನು ನನ್ನತ್ತ ನೋಡಿದ. ಅಷ್ಟೇ ಸಾಕಾಯಿತು. ಮೇಡಂ ತಮ್ಮ ಕೈಯಿಂದ ಸಣ್ಣ ಪಟ್ಟಿಯ ಎಚ್‌ಎಂಟಿ ಗಡಿಯಾರವನ್ನು ಬಿಚ್ಚಿ ನನ್ನ ಮುಂದಿಟ್ಟು, “ಭಾನುವಾರ ನೀನು ಮನೆಯಲ್ಲಿರುತ್ತೀಯ. ಸೋಮವಾರ ಬೆಳಿಗ್ಗೆ ಗಡಿಯಾರ ವಾಪಸು, ಬರಹವೂ ವಾಪಸು” ಎಂದರು.

ಹೆಂಗಸರ ಗಡಿಯಾರವನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಾನು ಆ ಭಾನುವಾರ ಅಮ್ಮನ ಹಿಂದೆ ತಿರುಗಿದೆ. ಅಡಿಕೆ ಸುಗ್ಗಿಯ ಕಾಲ. ಅಮ್ಮ ಎದ್ದದ್ದು ನಾಲ್ಕು ಇಪ್ಪತ್ತಕ್ಕೆ. ಒಂದು ಸಾಲಿಗೆ ಒಂದು ಕೆಲಸವೆಂದು ಗೆರೆ ಎಳೆದುಕೊಂಡಿದ್ದ ನನ್ನ ಪುಸ್ತಕ ಬೆಳಿಗ್ಗೆ ಏಳಕ್ಕೇ ಸೋತುಹೋಯಿತು. ಮೆಟ್ಟುಗತ್ತಿಯ ಮುಂದೆ ಕುಳಿತು, ಒಗರಿಗೆ ಕಪ್ಪಾದ ಬೆರಳುಗಳಲ್ಲಿ ಅಡಿಕೆ ಸುಲಿಯುತ್ತ, ಒಲೆಯ ಮೇಲಿನ ಅನ್ನದ ಕುದಿತಕ್ಕೆ ಕಿವಿಗೊಟ್ಟು, ಅಕ್ಕಚ್ಚಿನ ಬಾನಿಗೆ ಬಾಯಿ ಹಾಕಲು ಬಂದ ಪಕ್ಕದ ಮನೆಯ ಕರುವನ್ನು ಕೂತಲ್ಲಿಂದಲೇ ಗದರಿಸುವವಳ ಕಾಲು ಗಂಟೆಯನ್ನು ಯಾವ ಹೆಸರಿನಲ್ಲಿ ಬರೆಯುವುದು? “ಏನೋ ಅದು, ಆಗಿಂದ ಬೆನ್ನು ಹತ್ತಿದ್ದೀಯ, ಹಸಿವಾ?” ಎಂದು ಅಮ್ಮ ಎರಡು ಸಲ ಕೇಳಿದಳು. ರಾತ್ರಿ ಹತ್ತಕ್ಕೆ ವಿಷಯ ಹೇಳಿ, ಬರೆದದ್ದನ್ನು ಓದಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಮಧ್ಯಾಹ್ನ ನಾನು ಆರಾಮ ಕೂತಿದ್ದು ಬರೀಲೇ ಇಲ್ವಲ್ಲ, ನಿಮ್ಮ ಮೇಡಂ ಏನಂದ್ಕೊಂಡಾರು” ಎಂದು ಆಕ್ಷೇಪಿಸಿದಳು. ಅವಳು ಹೇಳುತ್ತಿದ್ದುದು ಮೂರು ಗಂಟೆಗೆ ಮೊರ ಹಿಡಿದು ಅಕ್ಕಿ ಆರಿಸಿದ ಅರ್ಧ ಗಂಟೆಯನ್ನು.

ಅದಾದ ಕೆಲವೇ ದಿನಗಳಲ್ಲಿ, 2001ರ ಫೆಬ್ರುವರಿಯಲ್ಲಿ, ಜನಗಣತಿಯವರು ನಮ್ಮ ಜಗುಲಿಗೂ ಬಂದರು. ಅಮ್ಮನ ಉದ್ಯೋಗ ಕೇಳಿದಾಗ ಅಪ್ಪ “ಮನೇಲೇ ಇರ್ತಾಳೆ” ಎಂದರು; ಕೆಲಸ ಮಾಡದವರ ಲೆಕ್ಕಕ್ಕೆ ಅಮ್ಮ ಸೇರಿದಳು. ಒಳಗೆ ಎಮ್ಮೆ ಕರೆಯುವ ಸದ್ದು ಹೊರಗೂ ಕೇಳುತ್ತಿತ್ತು. ಇದನ್ನು ತರಗತಿಯಲ್ಲಿ ಹೇಳಿದಾಗ ಮೇಡಂ, ಮನೆಯ ಬಳಕೆಗಷ್ಟೇ ಹಾಲು ಉತ್ಪಾದಿಸುವವರನ್ನೂ ಕೆಲಸಗಾರರೆಂದೇ ಎಣಿಸಬೇಕೆಂಬುದು ಆ ಗಣತಿಯದೇ ನಿಯಮವೆಂದು ತಿಳಿಸಿದರು. ನಾನು ಸೈಕಲ್ ಹತ್ತಿ, ಗಣತಿಗೆ ಬಂದಿದ್ದವರ ಮನೆಗೇ ಹೋಗಿ ವಾದಿಸಿದೆ. “ಪ್ರತಿ ಮನೆಯಲ್ಲೂ ಎಮ್ಮೆ ಯಾರು ಕರೀತಾರೆ ಅಂತ ಕೇಳ್ತಾ ಕೂತರೆ ಗಡುವು ಮುಗಿದುಹೋಗ್ತದೆ ಮಾರಾಯ” ಎಂದು ಅವರು ಚಹಾ ಕೊಟ್ಟು ಕಳಿಸಿದರು. ತಿದ್ದಿದರೋ ಇಲ್ಲವೋ ತಿಳಿಯದು.

ಈಗ ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿರುವ ನನ್ನ ಮಗಳಿಗೂ ಇಂಥದೊಂದು ವಿಷಯವಿತ್ತು. ಮೊಬೈಲಿನಲ್ಲಿ ಇಪ್ಪತ್ತು ಪ್ರಶ್ನೆಗಳಿಗೆ ಸರಿ ಉತ್ತರ ಒತ್ತಿದಳು, ಸರ್ಟಿಫಿಕೇಟ್ ಅಲ್ಲೇ ಬಂತು. ಯಾರೂ ಅವಳನ್ನು ಅಡುಗೆಮನೆಗೆ ಗಡಿಯಾರ ಕೊಟ್ಟು ಕಳಿಸಲಿಲ್ಲ. ಇದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಅಂದಾಗ ಅವಳು, “ನಿಮ್ಮ ಮೇಡಂ ‘ಅವನು’ ‘ಅವಳು’ ಎರಡೂ ಆಗದವರ ಬಗ್ಗೆ ಏನು ಹೇಳಿದ್ದರು?” ಎಂದು ಕೇಳಿದಳು. ಏನೂ ಹೇಳಿರಲಿಲ್ಲ. ತೃತೀಯ ಲಿಂಗಿಗಳನ್ನು ಸುಪ್ರೀಂ ಕೋರ್ಟು ಮಾನ್ಯ ಮಾಡಿದ್ದು 2014ರಲ್ಲಿ. ಆ ಹಲಗೆಯ ಮೇಲಿನ ಮಗುವಿಗೆ ನಾವು ಎರಡೇ ದಾರಿ ಬಿಟ್ಟಿದ್ದೆವು.

ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗನಾಗಿ ಸೇರಿದ ನಾನು ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷಕ್ಕೆ ಒಂದು ದಿನವೂ ಸಹಿ ಹಾಕಿದವನಲ್ಲ. ಈ ಮಾತನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಚಟವೂ ನನಗಿದೆ. ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಕೊನೆಯ ಸಲ ಸಿಕ್ಕಾಗ ಮೇಡಂ ಮುಂದೆಯೂ ಹೇಳಿದೆ. ಅವರು ಸಂತೋಷಪಟ್ಟು, “ನಿಮ್ಮನೆಯ ವಂಶವೃಕ್ಷದಲ್ಲಿ ಅಕ್ಕನ ಹೆಸರಿದೆಯಲ್ಲವಾ?” ಎಂದರು. ಇದೆ ಎಂದೆ. “ಪಹಣಿಯಲ್ಲಿ?” ಎಂದರು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕವು ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, 1994ರಲ್ಲಿ, ತಂದಿತ್ತೆಂದೂ, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತೆಂದೂ ನಮಗೆ ಕಲಿಸಿದವರು ಅವರೇ. ಅಕ್ಕನ ಮದುವೆ 1992ರಲ್ಲಿ ಆಗಿತ್ತು. ಆ ಅಡ್ಡಿಯನ್ನು 2005ರ ಕೇಂದ್ರ ಕಾಯ್ದೆ ತೆಗೆದುಹಾಕಿತೆಂಬುದು ಕಂದಾಯ ಇಲಾಖೆಯವನಾದ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ, 2011ರಲ್ಲಿ ಅಪ್ಪ ತೀರಿಕೊಂಡ ಮೇಲೆ ಒಂದು ಸೀರೆ ಮತ್ತು ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕನ ಸಹಿ ಪಡೆದಿದ್ದೆ. “ತವರಿನ ಬಾಗಿಲು ತೆರೆದಿದ್ದರೆ ಸಾಕು” ಎಂದು ಅಕ್ಕ ನಗುತ್ತಲೇ ಸಹಿ ಹಾಕಿದ್ದಳು. ಇದಾವುದನ್ನೂ ನಾನು ಮೇಡಂಗೆ ಹೇಳಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ, ಕೈಗಡಿಯಾರದತ್ತ ನೋಡುತ್ತ ನಿಂತರು. ನಾನು ಎಷ್ಟು ಸೆಕೆಂಡು ಸುಮ್ಮನಿದ್ದೆನೆಂಬ ಲೆಕ್ಕ ಅವರ ಬಳಿ ಇದ್ದಿರಬೇಕು.

ಈ ಲೇಖನ ಬರೆಯಲು ಕೂತ ದಿನ ಅಕ್ಕನಿಗೆ ಫೋನ್ ಮಾಡಿ, ಜಮೀನಿನ ವಿಷಯ ಮಾತಾಡಬೇಕಿತ್ತು ಎಂದೆ. ಆಚೆಯಿಂದ ಮೆಟ್ಟುಗತ್ತಿಗೆ ಅಡಿಕೆ ತಾಗುವ ಸದ್ದು ಕೇಳುತ್ತಿತ್ತು. “ಈಗ ಕೈ ಬಿಡುವಿಲ್ಲ ಕಣೋ, ಮೂರು ಬುಟ್ಟಿ ಸುಲಿಯೋದು ಬಾಕಿ ಇದೆ. ರಾತ್ರಿ ಹತ್ತರ ಮೇಲೆ ಮಾಡು” ಎಂದಳು.