ಎರಡನೆಯ ಮಳೆಗಾಲ
ಅಮೆರಿಕದ ಪೌರರಾದ ಪತಿ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಲು ಐ-130 ಎಂಬ ವಲಸೆ ಅರ್ಜಿ ಸಲ್ಲಿಸಿದ ಮೇಲೆ ಮಡಿಕೇರಿಯಲ್ಲಿ ಇದು ಎರಡನೆಯ ಮಳೆಗಾಲ. ಪುರೋಹಿತರಿಲ್ಲದೆ, ಹಿರಿಯರು ಅಕ್ಕಿ ಹಾಕಿ ಹರಸಿದ ನಮ್ಮ ಕೊಡವ ಮದುವೆಗೆ ಊರೇ ಸಾಕ್ಷಿಯಾಗಿದ್ದರೂ ಕಡತಕ್ಕೆ ಬೇಕಾದದ್ದು ನೋಂದಣಿ ಪ್ರಮಾಣಪತ್ರ. ಅದರಲ್ಲಿ ಮನೆತನದ ಹೆಸರು ಮೊದಲಿಗೂ ಪಾಸ್‌ಪೋರ್ಟಿನಲ್ಲಿ ಕೊನೆಗೂ ಇದ್ದುದರಿಂದ, ಆ ಇಬ್ಬರೂ ನಾನೊಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ಮುಂಬೈಯ ಅಮೆರಿಕ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನ ಇನ್ನೂ ಬಾಕಿಯಿದೆ. ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಅಮೆರಿಕಕ್ಕೆ ಕಾಲಿಟ್ಟರೆ ಷರತ್ತಿನ, ಅಂದರೆ 2 ವರ್ಷಗಳ ಗ್ರೀನ್ ಕಾರ್ಡ್ ಮಾತ್ರ ಸಿಗುತ್ತದೆ, ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸಲು ಮತ್ತೆ ಐ-751 ಅರ್ಜಿ ಸಲ್ಲಿಸಬೇಕು. ಈಗಿನ ವಿಳಂಬದಿಂದ ಆ ಒಂದು ಅರ್ಜಿಯಾದರೂ ತಪ್ಪೀತು ಎಂಬುದೇ ವಿಚಿತ್ರ ಸಮಾಧಾನ. ಪೌರತ್ವದ ಮಾತು ಅಲ್ಲಿ 3 ವರ್ಷ ಜೊತೆಯಾಗಿ ಬಾಳಿದ ಮೇಲೆ. ಸದ್ಯಕ್ಕೆ ಸಾಕ್ಷ್ಯದ ಮದುವೆ ಆಲ್ಬಮ್‌ಗೆ ಬೂಷ್ಟು ಹಿಡಿಯದಿರಲೆಂದು ಅವ್ವ ಅದನ್ನು ಒಲೆಯ ಪಕ್ಕದಲ್ಲಿ ಇಟ್ಟಿದ್ದಾರೆ.