ಮೊಳೆ ಇಲ್ಲದ ಹಡಗು

ನಮ್ಮಜ್ಜಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಲ್ಲಿ ನೆನೆಹಾಕಿ, ಬಡಿದು, ಕತ್ತದ ಹಗ್ಗ ಹೊಸೆಯುತ್ತಿದ್ದಳು. ಅಂಗೈ ಯಾವಾಗಲೂ ಒರಟು.

ಅಂಥದೇ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗು ಕೌಂಡಿನ್ಯ. ಅಜಂತಾ ಗುಹೆಯ ಚಿತ್ರ ನೋಡಿ, ಕೇರಳದ ಬಾಬು ಶಂಕರನ್ ಮತ್ತು ಅವರ ಜೊತೆಗಾರರು ಕಟ್ಟಿದ್ದು. ಸುಮ್ನೆ ಮಾತಲ್ಲ ಅದು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ. ನಮ್ಮ ರಾಜ್ಯ ಲಾಂಛನದ ಹಕ್ಕಿಯೇ, ಅಲ್ವಾ? ನೋಡಿ ಎದೆ ಉಬ್ಬಿತು.

ಡಿಸೆಂಬರ್ ಕೊನೆಗೆ ಪೋರಬಂದರ್ ಬಿಟ್ಟಿತು. ಇಂಜಿನ್ ಇಲ್ಲ, ಗಾಳಿ ಬೀಸಿದಷ್ಟೇ ದಾರಿ. ದಿನಾ ಬೆಳಿಗ್ಗೆ ಮೊದಲು ಅದರ ಸುದ್ದಿಯನ್ನೇ ಹುಡುಕುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ, ಜನವರಿ 14ಕ್ಕೆ, ಮಸ್ಕತ್ ತಲುಪಿತು.

ಅಜ್ಜಿ ಇದ್ದಿದ್ದರೆ ಮೊದಲು ಆ ಹೊಲಿಗೆಯ ಗಂಟನ್ನು ಮುಟ್ಟಿ ನೋಡುತ್ತಿದ್ದಳು.